ಇಂಜಿನ್ನಿಗೆ ಕಿವಿ ಕೇಳಿಸುತ್ತಿಲ್ಲ

ಹಳೇ ಕಾರು ಇಟ್ಟುಕೊಂಡವನಿಗೆ ಬೇರೆ ಏನಕ್ಕೆ ಬರ ಬಂದರೂ ಸಲಹೆಗೆ ಬರುವುದಿಲ್ಲ. ನಮ್ಮದು 2004ರ ಪೆಟ್ರೋಲ್ ಕಾರು. ಬಣ್ಣ ಮಾಸಿದೆ, ಸೀಟು ಕುಸಿದಿದೆ, ಹಿಂದಿನ ಎಡಗಡೆ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಮಾರಿಬಿಡೋಣ ಅಂತ ನನಗೆ ಮನಸ್ಸು ಬಂದಾಗ ಕೊಳ್ಳುವವರು ಬರುವುದಿಲ್ಲ. ಕೊಳ್ಳುವವರು ಬಂದಾಗ ಅವರು ಹೇಳುವ ರೇಟು ಕೇಳಿ ನನಗೇ ಕಾರಿನ ಮೇಲೆ ಪ್ರೀತಿ ಉಕ್ಕುತ್ತದೆ.

ಇಂಥ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿಕೊಂಡಿತು. ಇಂಜಿನ್ ಆಕಾರದ ಪುಟ್ಟ ಚಿತ್ರ ಇರುತ್ತಲ್ಲ, ಅದೇ. ಜೊತೆಗೆ ಪಿಕಪ್ಪೂ ಹೋಯ್ತು. ಚಾಮುಂಡಿ ಬೆಟ್ಟದ ರಸ್ತೆಯನ್ನು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಎರಡಕ್ಕೆ ಇಳಿದು ಏದುಸಿರು ಬಿಡತೊಡಗಿತು. ಸ್ಕೂಟರಿನಲ್ಲಿ ಗಂಡ, ಹೆಂಡತಿ, ಮಗು ನಮ್ಮನ್ನು ಓವರ್‌ಟೇಕ್ ಮಾಡಿದರು. ಮಗು ಟಾಟಾ ಮಾಡಿತು.

ದೀಪ ಕಣ್ಣಿಗೆ ಚುಚ್ಚುತ್ತೆ ಅಂತ ನನ್ನ ಹೆಂಡತಿ ಪರ್ಸಿನಿಂದ ಒಂದು ಸ್ಟಿಕ್ಕರ್ ಬೊಟ್ಟು ತೆಗೆದು ಅದರ ನೆತ್ತಿಗೆ ಅಂಟಿಸಿದಳು. ಸುತ್ತ ಹಳದಿ ಬೆಳಕು, ನಡುವೆ ಕೆಂಪು ಬೊಟ್ಟು. ಗಾಡಿಗೆ ಅರಿಶಿನ ಕುಂಕುಮ ಎರಡೂ ಆಯ್ತು.

ನಮ್ಮ ಮಾವನವರಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಅವರು ಅಂಬಾಸಿಡರ್ ಕಾಲದವರು. “ಅಳಿಯಂದಿರೇ, ಇದು ಪೆಟ್ರೋಲಿನ ದೋಷ. ನೂರು ಆಕ್ಟೇನಿನದು ಹಾಕ್ಸಿ, ಹಾರುತ್ತೆ” ಅಂದರು. 2020ರ ಕೊನೆಯಿಂದ ನಮ್ಮಲ್ಲೂ 100 ಆಕ್ಟೇನಿನ ಪೆಟ್ರೋಲು ಸಿಗುತ್ತದೆ. ಆಗ ಮಾಮೂಲಿಯದು 91 ಇತ್ತು. ಈ ಅಂಕಿ ಹೆಚ್ಚಿದಷ್ಟೂ ಪೆಟ್ರೋಲು ಹೊತ್ತಿಗೆ ಮೊದಲೇ ತಾನಾಗಿ ಸಿಡಿಯುವುದು ಕಡಿಮೆ. ಅವರು ದೊಡ್ಡವರು, ನಾನು ಅಳಿಯ. ಹಾಕಿಸಿದೆ. ಬಿಲ್ ಮಾತ್ರ ಹಾರಿತು.

ಗ್ಯಾರೇಜಿನಲ್ಲಿ ಸ್ಟೀರಿಂಗ್ ಕೆಳಗೆ ವೈರು ಚುಚ್ಚಿ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಪಿ0325 ಅಂತ ದೋಷದ ಕೋಡ್ ಬಂತು. ನಾಕ್ ಸೆನ್ಸರ್. ಸಿಲಿಂಡರಿನೊಳಗೆ ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಉರಿ ಸಮನಾಗಿ ಹರಡಬೇಕು. ಒತ್ತಡ, ಬಿಸಿ ಜಾಸ್ತಿಯಾದರೆ ಉರಿ ಹೋಗಿ ಮುಟ್ಟುವ ಮೊದಲೇ ಮೂಲೆಯಲ್ಲಿದ್ದ ಪೆಟ್ರೋಲು-ಗಾಳಿ ತಾನಾಗಿ ಸಿಡಿಯುತ್ತದೆ. ಅದೇ ನಾಕಿಂಗ್. ಬಿಟ್ಟರೆ ಪಿಸ್ಟನ್ನನ್ನೇ ತಿಂದುಹಾಕುತ್ತದೆ. ಆ ಸದ್ದು ಸಾಮಾನ್ಯವಾಗಿ 6ರಿಂದ 8 ಸಾವಿರ ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಅದನ್ನು ಹಿಡಿಯಲೆಂದೇ ಇಂಜಿನ್ ಬ್ಲಾಕಿಗೆ ಬೋಲ್ಟ್ ಹಾಕಿ ಕೂರಿಸಿದ ಕಿವಿ ಈ ಸೆನ್ಸರು. ಒಳಗೆ ಅದುಮಿದರೆ ಕರೆಂಟು ಹುಟ್ಟಿಸುವ ಒಂದು ಹರಳಿದೆ. ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದ ಗುಣ ಅದು. ನಮ್ಮ ಅಡುಗೆಮನೆಯ ಟಿಕ್ ಟಿಕ್ ಗ್ಯಾಸ್ ಲೈಟರಿನಲ್ಲಿ ಕಿಡಿ ಹಾರುವುದೂ ಅದರಿಂದಲೇ.

ನಾಕಿಂಗ್ ಕೇಳಿಸಿದರೆ ಕಾರಿನ ಕಂಪ್ಯೂಟರು ಕಿಡಿಯನ್ನು ಸ್ವಲ್ಪ ತಡವಾಗಿ ಕೊಡುತ್ತದೆ. ಸದ್ದು ನಿಂತ ಮೇಲೆ ಮೆಲ್ಲಗೆ ಮತ್ತೆ ಮೊದಲಿನ ಜಾಗಕ್ಕೆ ತರುತ್ತದೆ. ಆದರೆ ಕಿವಿಯೇ ಹೋದರೆ? ಕಂಪ್ಯೂಟರು ಮಹಾ ಪುಕ್ಕಲ. ಹೇಗೂ ಕೇಳಿಸ್ತಿಲ್ಲ, ನಾಕಿಂಗ್ ಇದ್ದೇ ಇದೆ ಅಂತ ಲೆಕ್ಕ ಹಾಕಿ ಯಾವಾಗಲೂ ತಡವಾಗಿಯೇ ಕಿಡಿ ಕೊಡುತ್ತದೆ. ಇಂಜಿನ್ ಉಳಿಯಿತು, ದಮ್ಮು ಹೋಯಿತು. ಇಂಥಾ ಸ್ಥಿತಿಯಲ್ಲಿ ದುಬಾರಿ ಪೆಟ್ರೋಲು ಹೊಯ್ದರೂ ಅಷ್ಟೇ. ಅದರ ಒಳ್ಳೆಯತನ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇಲ್ಲ.

ಇದನ್ನೆಲ್ಲ ಮಾವನವರಿಗೆ ವಿವರಿಸಿದೆ. “ನಮ್ಮ ಕಾಲದಲ್ಲಿ ಇದಕ್ಕೆಲ್ಲ ಸೆನ್ಸರ್ ಯಾಕೆ? ನಾನಿರಲಿಲ್ವಾ?” ಅಂದರು. ಮಾತು ಸುಳ್ಳಲ್ಲ. ಏರಿನಲ್ಲಿ ಕಟಕಟ ಅಂದ ಕೂಡಲೇ ಅವರು ಗೇರು ಇಳಿಸುತ್ತಿದ್ದರು. ಬಾನೆಟ್ ಎತ್ತಿ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರನ್ನು ಒಂಚೂರು ತಿರುಗಿಸಿದರೆ ಕಿಡಿಯ ಟೈಮಿಂಗ್ ಸರಿಹೋಗುತ್ತಿತ್ತು. ಆಗ ನಾಕಿಂಗ್ ತಡೆಯಲು ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. 2000ದ ಫೆಬ್ರವರಿಯಿಂದ ದೇಶದ ತುಂಬ ಸೀಸವಿಲ್ಲದ ಪೆಟ್ರೋಲು ಬಂತು. “ಆ ಹೊಗೆ ಕುಡಿದೂ ನಾವು ಗಟ್ಟಿಯಾಗಿಲ್ವಾ?” ಅಂತ ಮಾವ ಕೇಳಿದರು. ಪಕ್ಕದಲ್ಲೇ ಅವರ ಮಾತ್ರೆಯ ಡಬ್ಬಿ ಇತ್ತು. ನಾನು ಸುಮ್ನಿದ್ದೆ.

ಸೆನ್ಸರ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯವನು ಸ್ಟೂಲಿನಿಂದ ಏಳದೆ “ಒರಿಜಿನಲ್ ಬೇಕಾ, ಒರಿಜಿನಲ್ ಥರದ್ದು ಬೇಕಾ?” ಅಂದ. ನೋಡಲು ಎರಡೂ ಒಂದೇ, ನಡುವೆ ತೂತಿರುವ ದಪ್ಪ ಬಿಲ್ಲೆ. “ಎಲ್ಲಾ ಒಂದೇ ಸಾರ್, ಕೂರುತ್ತೆ.” ಕೂರುತ್ತೆ, ನಿಜ. ಆದರೆ ಒಳಗಿನ ರೆಸಿಸ್ಟರು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಕೆಲವಕ್ಕೆ ಇರುವುದೇ ಇಲ್ಲ. ತಪ್ಪು ಬಿಲ್ಲೆ ಕೂತರೆ ದೀಪ ಮತ್ತೆ ಹತ್ತುತ್ತದೆ. ಪಾರ್ಟ್ ನಂಬರ್ ಹೊಂದಿದ್ದೇ ಬೇಕು ಅಂತ ಹಟ ಹಿಡಿದೆ. ಅವನು ಎದ್ದ. ಗಿರಾಕಿಗೋಸ್ಕರ ಏಳಬೇಕಾಗಿ ಬಂದ ಸಿಟ್ಟು ರೇಟಿನಲ್ಲಿ ಸೇರಿತು.

ಬಿಚ್ಚುವ ದಿನ ಮಾವ ಪ್ಲಾಸ್ಟಿಕ್ ಕುರ್ಚಿ ತರಿಸಿಕೊಂಡು ಗ್ಯಾರೇಜಿನಲ್ಲೇ ಕೂತರು. ಮೆಕ್ಯಾನಿಕ್ ಅಣ್ಣ ಮೊದಲು ಮಲ್ಟಿಮೀಟರ್ ಹಿಡಿದು ವೈರು ನೋಡಿದ. ಪಿ0325 ಅಂದರೆ ಸೆನ್ಸರೇ ಕೆಟ್ಟಿದೆ ಅಂತಲ್ಲ, ಆ ಸರ್ಕ್ಯೂಟಿನಲ್ಲಿ ಎಲ್ಲೋ ತೊಂದರೆ ಅಂತ ಅಷ್ಟೇ. ಇಲಿ ಕಡಿದಿರಬಹುದು ಅಂತ ಎಲ್ಲರಿಗೂ ಅನುಮಾನ. ಸೆನ್ಸರಿನ ಜಾಗ ಇಂಜಿನ್ ಹಿಂದೆ, ಗಾಳಿ ಒಳಗೆ ಹೋಗುವ ಕೊಳವೆಗಳ ಗೊಂಚಲು ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿ. ಕಣ್ಣಿಗೆ ಕಾಣುವುದಿಲ್ಲ. ಕೈ ಹೋದರೆ ಪಾನ ಹೋಗುವುದಿಲ್ಲ, ಪಾನ ಹೋದರೆ ಕೈ ತಿರುಗುವುದಿಲ್ಲ. ಸಪೂರ ಕೈಯ ಅಸಿಸ್ಟೆಂಟು ಒಳಗೆ ತಡಕಾಡಿ ಒಂದು ಹಿಡಿ ಸಾಮಾನು ಹೊರಗೆಳೆದ. ತೆಂಗಿನ ನಾರು, ಪ್ಲಾಸ್ಟಿಕ್ ಚೂರು, ಅರ್ಧ ಚಕ್ಕುಲಿ.

ಮಾವ ಕನ್ನಡಕ ಸರಿಮಾಡಿಕೊಂಡು ಚಕ್ಕುಲಿಯನ್ನು ತಿರುಗಿಸಿ ನೋಡಿದರು. “ಇದು ನಿಮ್ಮತ್ತೆ ಮಾಡಿದ್ದು.”

“ಅದು ಹೇಗೆ ಗೊತ್ತಾಯ್ತು ಮಾವ?”

“ಇಲಿ ಅರ್ಧಕ್ಕೇ ಬಿಟ್ಟಿದೆಯಲ್ಲ.”

ಈ ಮಾತು ಗ್ಯಾರೇಜಿನ ಗೇಟು ದಾಟಬಾರದು ಅಂತ ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು. ದಾಟಿಲ್ಲ. ಇಲ್ಲಿ ಬರೆದಿದ್ದು ಲೆಕ್ಕಕ್ಕಿಲ್ಲ, ಅತ್ತೆ ಇಂಥದ್ದನ್ನೆಲ್ಲ ಓದುವುದಿಲ್ಲ.

ವೈರು ಚೆನ್ನಾಗಿಯೇ ಇತ್ತು. ಚಕ್ಕುಲಿಯ ಜೊತೆ ಹೆಣಗಾಡಿದ ಮೇಲೆ ಇಲಿಗೆ ಹಲ್ಲು ಉಳಿದಿರಲಿಕ್ಕಿಲ್ಲ. ಕೆಟ್ಟಿದ್ದು ಸೆನ್ಸರೇ. ಇಷ್ಟು ವರ್ಷದ ಬಿಸಿಗೆ ಮೇಲಿನ ಪ್ಲಾಸ್ಟಿಕ್ ಬಿರಿದು ಒಳಗೆ ಎಣ್ಣೆ ಇಳಿದಿತ್ತು. ಬೋಲ್ಟ್ ಬಿಚ್ಚುವಾಗ 12 ನಂಬರ್ ಸಾಕೆಟ್ಟು ಕೈಜಾರಿತು. ಟಿಣ್ ಅಂತ ಒಂದು ಸದ್ದು, ಟಣ್ ಅಂತ ಇನ್ನೊಂದು, ಆಮೇಲೆ ಏನೂ ಇಲ್ಲ. ನೆಲಕ್ಕೂ ಬೀಳಲಿಲ್ಲ. ಎಲ್ಲರೂ ಬಗ್ಗಿ ನೋಡಿದರು. ಟೀ ಕೊಡಲು ಬಂದವನೂ ಲೋಟದ ಸ್ಟ್ಯಾಂಡ್ ಕೆಳಗಿಟ್ಟು ಮೊಬೈಲ್ ಟಾರ್ಚ್ ಹಿಡಿದ. ಕೊನೆಗೆ ಇಂಜಿನ್ ಅಡಿಯ ಪ್ಲಾಸ್ಟಿಕ್ ತಟ್ಟೆ ಬಿಚ್ಚಿದಾಗ ಅದರೊಳಗೆ ಸಾಕೆಟ್ಟು ಸಿಕ್ಕಿತು. ಜೊತೆಗೆ ಇನ್ಯಾವುದೋ ಗ್ಯಾರೇಜಿನವರ 10 ನಂಬರ್ ಸಾಕೆಟ್ಟೂ ಸಿಕ್ಕಿತು. ಅಣ್ಣ ಅದನ್ನು ಒರೆಸಿ ತನ್ನ ಡಬ್ಬಿಗೆ ಹಾಕಿಕೊಂಡ.

ಹೊಸದನ್ನು ಕೂರಿಸುವುದೇ ನಾಜೂಕಿನ ಕೆಲಸ. ಸೆನ್ಸರಿನ ತಳ ಬ್ಲಾಕಿಗೆ ಬರಿಮೈಯಲ್ಲಿ ಅಂಟಿರಬೇಕು. ಗ್ರೀಸು, ವಾಷರು, ತುಕ್ಕು ಏನೂ ನಡುವೆ ಇರಬಾರದು. ಬೋಲ್ಟನ್ನು ಸುಮಾರು 20 ನ್ಯೂಟನ್ ಮೀಟರ್ ಬಿಗಿಯಬೇಕು. ಸಡಿಲವಾದರೆ ಕೇಳಿಸುವುದಿಲ್ಲ, ಅತಿ ಬಿಗಿಯಾದರೂ ಸರಿಯಾಗಿ ಕೇಳಿಸುವುದಿಲ್ಲ. ಹೇಳಿದಷ್ಟು ಬಿಗಿಯಾದ ಕೂಡಲೇ ಕ್ಲಿಕ್ ಅನ್ನುವ ಟಾರ್ಕ್ ರೆಂಚ್ ನಾನು ತಂದಿದ್ದೆ. “ಇದೆಲ್ಲ ಯಾಕೆ ಸಾರ್, ನನ್ನ ಕೈಯೇ ರೆಂಚು” ಅಂತ ಅಣ್ಣ ಬಿಗಿದೇಬಿಟ್ಟ. ಆಮೇಲೆ ನನ್ನ ಸಮಾಧಾನಕ್ಕೆ ರೆಂಚ್ ಹಚ್ಚಿದ. ಹಚ್ಚಿದ್ದೇ ತಡ, ಕ್ಲಿಕ್ ಅಂದಿತು. “ನೋಡಿದ್ರಾ!” ಅಂತ ಮಾವನ ಕಡೆ ತಿರುಗಿ ನಕ್ಕ. ಮಾವ ತಲೆಯಾಡಿಸಿದರು. ಆದರೆ ಕ್ಲಿಕ್ ಅಂದರೆ ಇಪ್ಪತ್ತು ತಲುಪಿದೆ ಅಂತ ಮಾತ್ರ. ಅದು ನಲವತ್ತೂ ಆಗಿರಬಹುದು ಅಲ್ವಾ? ಪೂರ್ತಿ ಸಡಿಲ ಮಾಡಿಸಿ, ಮೊದಲಿನಿಂದ ರೆಂಚಿನಲ್ಲೇ ಬಿಗಿಸಿದೆ. ಈ ಸಲ ಕ್ಲಿಕ್ ಅನ್ನಲು ಸ್ವಲ್ಪ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ಅಣ್ಣ ನನ್ನನ್ನು ನೋಡಿದ ರೀತಿಗೆ ಲೇಬರ್ ಚಾರ್ಜಿನಲ್ಲಿ ಚೌಕಾಸಿ ಮಾಡುವ ಧೈರ್ಯ ಬರಲಿಲ್ಲ.

ಕೋಡ್ ಅಳಿಸಿ ಬೆಟ್ಟದ ಕಡೆ ಗಾಡಿ ತಿರುಗಿಸಿದೆವು. ಅದೇ ಏರು, ಮೂರನೇ ಗೇರು, ಗಾಡಿ ಸಲೀಸಾಗಿ ಹತ್ತಿತು. ಮಾವ ಮುಂದಿನ ಸೀಟಿನಲ್ಲಿ ಕೈಕಟ್ಟಿ ಕೂತಿದ್ದರು. ತಿರುವು ದಾಟಿದ ಮೇಲೆ ನನ್ನ ಭುಜ ತಟ್ಟಿದರು.

“ನಾನು ಹೇಳಿರ್ಲಿಲ್ವಾ ಅಳಿಯಂದಿರೇ? ಆ ನೂರು ಆಕ್ಟೇನಿನ ಪೆಟ್ರೋಲು ಮೈಗೆ ಹಿಡಿಯೋಕೆ ಸ್ವಲ್ಪ ಟೈಮ್ ಬೇಕಿತ್ತು, ಅಷ್ಟೇ.”