ಅಕ್ಷತೆ ಹಾಕಿದ ಶಾಸಕರು ಸದನದಲ್ಲಿ ಕೇಳಿದ್ದೇನು?

ಮ್ಯಾಂಚೆಸ್ಟರಿನಲ್ಲಿ ಭಾನುವಾರದ ಪಾಳಿಗೆ ಹೋಗಲು ನಾನು ನೆಚ್ಚಿಕೊಂಡಿದ್ದ ರೈಲು ಚಳಿಗಾಲದುದ್ದಕ್ಕೂ ಮೇಲಿಂದ ಮೇಲೆ ರದ್ದಾಗತೊಡಗಿದಾಗ, ಬೇಸತ್ತು ನಮ್ಮ ಕ್ಷೇತ್ರದ ಸಂಸತ್ ಸದಸ್ಯರಿಗೆ ಒಂದು ಪತ್ರ ಬರೆದೆ. ಉತ್ತರ ಬರುತ್ತದೆಂಬ ನಂಬಿಕೆಯೇನೂ ಇರಲಿಲ್ಲ. ಕೆಲವು ವಾರಗಳಾದ ಮೇಲೆ ಅವರ ಕಚೇರಿಯಿಂದ ಬಂದ ಲಕೋಟೆಯಲ್ಲಿ ಒಂದು ಮುದ್ರಿತ ಹಾಳೆಯಿತ್ತು. ಮೇಲ್ಭಾಗದಲ್ಲಿ ಅವರು ಸಾರಿಗೆ ಸಚಿವರಿಗೆ ಕೇಳಿದ ಪ್ರಶ್ನೆ, ಕೆಳಗೆ ಸಚಿವರು ತಮ್ಮ ಹೆಸರಿನಲ್ಲಿ ಕೊಟ್ಟ ಉತ್ತರ. ಭಾನುವಾರದ ರೈಲುಗಳು ರದ್ದಾಗುವುದರಿಂದ ದುಡಿಯುವವರ ಸಂಪಾದನೆಗೂ ಊರಿನ ವ್ಯಾಪಾರಕ್ಕೂ ಆಗುವ ನಷ್ಟವನ್ನು ಸರ್ಕಾರ ಅಂದಾಜು ಮಾಡಿದೆಯೇ ಎಂಬುದು ಪ್ರಶ್ನೆಯ ತಿರುಳು. ಉತ್ತರ ನನಗೆ ತೃಪ್ತಿ ಕೊಡಲಿಲ್ಲ. ಆದರೆ ಹಾಸನ ಜಿಲ್ಲೆಯ ಒಂದು ಹಳ್ಳಿಯಿಂದ ಬಂದ ನನ್ನಂಥವನ ದೂರು ಒಬ್ಬ ಸಚಿವರ ಸಹಿಯವರೆಗೆ ಹೋಗಿ, ಸಂಸತ್ತಿನ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯಿತು ಎಂಬ ಸಂತೋಷ ಮಾತ್ರ ದೊಡ್ಡದಾಗಿತ್ತು.

ಆ ಸಂತೋಷವನ್ನು ಊರಿನಲ್ಲಿರುವ ಚಿಕ್ಕಪ್ಪನ ಜೊತೆ ಫೋನಿನಲ್ಲಿ ಹಂಚಿಕೊಂಡೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಅಲ್ಲ ಕಣಪ್ಪಾ, ಆ ನಿಮ್ ಎಂಪಿ ಒಂದ್ಸಲನಾದ್ರೂ ನಿಮ್ಮನೆ ಬಾಗ್ಲಿಗೆ ಬಂದವ್ರಾ? ನಮ್ ಶಾಸಕರು ನೋಡು, ನಿನ್ ತಂಗಿ ಮದ್ವೇಲಿ ಅಕ್ಷತೆ ಹಾಕಿ, ಪಂಕ್ತೀಲಿ ಕೂತು ಊಟ ಮಾಡ್ಕಂಡೇ ಹೋಗಿದ್ದು" ಎಂದರು. ಶಾಸಕರು ಸದನದಲ್ಲಿ ನಮ್ಮ ಕಡೆಯ ಬಗ್ಗೆ ಏನು ಕೇಳಿದ್ದಾರೆ ಎಂದು ನಾನು ವಿಚಾರಿಸಿದೆ. "ಅದೆಲ್ಲ ನಮಗೇನ್ ಗೊತ್ತಾಯ್ತದೆ" ಎಂದರು. ಅವರ ಮಾತಿನಲ್ಲಿ ಬೇಸರವಿರಲಿಲ್ಲ, ಕುತೂಹಲವೂ ಇರಲಿಲ್ಲ. ನನ್ನನ್ನು ಚುಚ್ಚಿದ್ದು ಅದೇ.

ಶಾಸಕರು ಊರಿಗೆ ಸಿಗುತ್ತಾರೋ ಇಲ್ಲವೋ ಎಂಬುದನ್ನು ನಾವು ಬಲು ಚೆನ್ನಾಗಿ ಲೆಕ್ಕವಿಡುತ್ತೇವೆ. ಯಾರ ಗೃಹಪ್ರವೇಶಕ್ಕೆ ಬಂದರು, ಯಾರ ತಿಥಿಗೆ ಬರಲಿಲ್ಲ, ಜಾತ್ರೆಗೆ ಎಷ್ಟು ಕೊಟ್ಟರು, ವರ್ಗಾವಣೆಗೆ ಪತ್ರ ಕೊಟ್ಟರೋ ಇಲ್ಲವೋ, ಎಲ್ಲವೂ ನೆನಪಿನಲ್ಲಿರುತ್ತದೆ. ಅವರು ವಿಧಾನಸಭೆಗೆ ಹೋಗುವುದು ಸಚಿವರನ್ನು ಪ್ರಶ್ನಿಸುವುದಕ್ಕೆ ಎಂಬುದನ್ನು ಮಾತ್ರ ನಾವು ಲೆಕ್ಕದಿಂದಲೇ ಬಿಟ್ಟಿದ್ದೇವೆ.

ಇಲ್ಲಿ ಬ್ರಿಟನ್ ಸಂಸತ್ತಿನ ಕೆಳಮನೆಯಲ್ಲಿ ಒಂದೊಂದು ಇಲಾಖೆಯ ಸಚಿವರು ಸರಿಸುಮಾರು ಐದು ವಾರಗಳಿಗೊಮ್ಮೆ ಸರದಿಯ ಮೇಲೆ ಉತ್ತರ ಕೊಡಲು ನಿಲ್ಲುತ್ತಾರೆ. ಯಾರ ಪ್ರಶ್ನೆ ಮೊದಲು ಬರಬೇಕೆಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸುತ್ತಾರೆ. ಮುದ್ರಿತ ಪ್ರಶ್ನೆಗೆ ಸಚಿವರು ಸಿದ್ಧ ಉತ್ತರವನ್ನು ಓದಿ ಮುಗಿಸುತ್ತಾರೆ. ನಿಜವಾದ ಪರೀಕ್ಷೆ ಶುರುವಾಗುವುದು ಆಮೇಲೆ. ಪ್ರಶ್ನೆ ಕೇಳಿದ ಸದಸ್ಯರು ಮೊದಲೇ ತಿಳಿಸದ ಒಂದು ಉಪಪ್ರಶ್ನೆಯನ್ನು ಎತ್ತುತ್ತಾರೆ, ಅದರ ಬೆನ್ನಿಗೆ ವಿರೋಧ ಪಕ್ಷದವರು ಏಳುತ್ತಾರೆ, ಎಷ್ಟೋ ಸಲ ಸಚಿವರ ಪಕ್ಷದವರೇ ಏಳುತ್ತಾರೆ. ಇಲಾಖೆಯ ವಿಷಯವನ್ನು ಓದಿಕೊಳ್ಳದೆ ಬಂದ ಸಚಿವರು ಅಲ್ಲಿ ಎರಡನೆಯ ನಿಮಿಷದಲ್ಲೇ ತಡವರಿಸುವುದನ್ನು ನಾನು ಟಿವಿಯಲ್ಲಿ ನೋಡಿದ್ದೇನೆ. ಸಾರಿಗೆಗೆ, ಖಜಾನೆಗೆ ಪ್ರತ್ಯೇಕ ಸದನ ಸಮಿತಿಗಳಿವೆ. 2010ರಿಂದೀಚೆಗೆ ಬಹುಪಾಲು ಸಮಿತಿಗಳ ಅಧ್ಯಕ್ಷರನ್ನು ಸದಸ್ಯರೇ ಗುಪ್ತ ಮತದಾನದಿಂದ ಆರಿಸುತ್ತಾರೆ, ಮತ್ತು ಈ ಸಮಿತಿಗಳ ಮುಂದೆ ಸಚಿವರು ಖುದ್ದಾಗಿ ಬಂದು ಗಂಟೆಗಟ್ಟಲೆ ಕುಳಿತು ಉತ್ತರಿಸಬೇಕಾಗುತ್ತದೆ. ನಮ್ಮ ಲೋಕಸಭೆಯ ಇಲಾಖಾವಾರು ಸ್ಥಾಯಿ ಸಮಿತಿಗಳು 1993ರಿಂದ ಇವೆಯಾದರೂ ಅವುಗಳ ಮುಂದೆ ಬರುವವರು ಅಧಿಕಾರಿಗಳು, ಸಚಿವರಲ್ಲ.

ನಮ್ಮಲ್ಲಿ ವ್ಯವಸ್ಥೆಯೇ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಪ್ರಶ್ನೋತ್ತರ ಕಲಾಪವಿದೆ, ಸಚಿವರು ಸದನದಲ್ಲೇ ಎದ್ದು ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಯಿದೆ, ಉಪಪ್ರಶ್ನೆಗೆ ಅವಕಾಶವಿದೆ, ಶೂನ್ಯ ವೇಳೆಯಿದೆ, ಗಮನ ಸೆಳೆಯುವ ಸೂಚನೆಯಿದೆ. ಆದರೆ ಪ್ರಶ್ನೆಯ ಸಂಖ್ಯೆ ಕರೆದಾಗ ಸಚಿವರು ಎದ್ದು "ಉತ್ತರ ಒದಗಿಸಲಾಗಿದೆ" ಎನ್ನುತ್ತಾರೆ, ಒದಗಿಸಿದ ಉತ್ತರದಲ್ಲಿ "ಅನುದಾನದ ಲಭ್ಯತೆಯ ಮೇರೆಗೆ ಪರಿಶೀಲಿಸಲಾಗುವುದು" ಎಂದಿರುತ್ತದೆ, ಅಷ್ಟರಲ್ಲಿ ಇನ್ನಾವುದೋ ವಿಷಯಕ್ಕೆ ಒಂದು ಪಕ್ಷದವರು ಸದನದ ಬಾವಿಗಿಳಿದಿರುತ್ತಾರೆ. ಶಾಸಕರ ಮಾಸಿಕ ವೇತನವನ್ನು 40,000 ರೂಪಾಯಿಯಿಂದ 80,000 ರೂಪಾಯಿಗೆ ಏರಿಸುವ ಮಸೂದೆ 2025ರ ಮಾರ್ಚ್ 21ರಂದು ಇಂಥದೇ ಗದ್ದಲದ ನಡುವೆ ಅಂಗೀಕಾರವಾಯಿತು. ಅದೇ ದಿನ 18 ಶಾಸಕರು ಅಮಾನತಾದರು. ವೇತನ ಹೆಚ್ಚಿದ್ದಕ್ಕೆ ನನ್ನ ತಕರಾರಿಲ್ಲ. ರಾಜ್ಯದ ಹಣದ ಬಗ್ಗೆ ಒಂದು ತೀರ್ಮಾನ ಆಗುವಾಗ ಅದನ್ನು ಎದ್ದು ನಿಂತು ಕೇಳುವ ದನಿ ಆ ಗದ್ದಲದಲ್ಲಿ ಮುಳುಗಿತಲ್ಲ, ಅದು ನೋವಿನ ಸಂಗತಿ.

ನಮ್ಮ ಜಿಲ್ಲೆಗೆ ಕೇಳಬೇಕಾದದ್ದು ಕಡಿಮೆಯೇನಿಲ್ಲ. ಶಿರಾಡಿ ಘಾಟಿಯನ್ನೇ ತೆಗೆದುಕೊಳ್ಳೋಣ. ಹಾಸನದಿಂದ ಮಾರನಹಳ್ಳಿಯವರೆಗಿನ ಚತುಷ್ಪಥ ಕಾಮಗಾರಿ ಎಷ್ಟು ವರ್ಷಗಳಿಂದ ನಡೆಯುತ್ತಿದೆಯೆಂದರೆ, ಅದು ಶುರುವಾದಾಗ ಪ್ರಾಥಮಿಕ ಶಾಲೆಯಲ್ಲಿದ್ದ ನಮ್ಮ ಮನೆಯ ಹುಡುಗರು ಈಗ ಕಾಲೇಜು ಸೇರಿದ್ದಾರೆ. 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಮತ್ತೆ ಮತ್ತೆ ರಸ್ತೆಗೆ ಜಾರಿತು, ಅದೇ ತಿಂಗಳು ಎಡಕುಮೇರಿ ಬಳಿ ರೈಲು ಹಳಿಯ ಕೆಳಗಿನ ಮಣ್ಣೂ ಕುಸಿಯಿತು. ಎರಡೂ ದಾರಿಗಳು ಒಟ್ಟಿಗೆ ನಿಂತಾಗ ಬೆಂಗಳೂರಿಗೂ ಮಂಗಳೂರಿಗೂ ನಡುವಿನ ಸರಕು ಎಲ್ಲಿಗೆ ಹೋಗಬೇಕು? ಚಾರ್ಮಾಡಿಯಲ್ಲಿ ಭಾರೀ ವಾಹನಗಳಿಗೆ ನಿರ್ಬಂಧವಿದೆ, ಮಡಿಕೇರಿ ಸುತ್ತಿಕೊಂಡು ಹೋಗುವ ಲಾರಿಗೆ ಡೀಸೆಲ್ಲೂ ಹೆಚ್ಚು, ದಿನವೂ ಹೆಚ್ಚು. ಸಕಲೇಶಪುರದ ಕಾಫಿ ಬೆಳೆಗಾರನಿಂದ ಹಿಡಿದು ಹಾಸನದ ತರಕಾರಿ ಮಂಡಿಯವರವರೆಗೆ ಆ ಖರ್ಚು ಹಂಚಿಹೋಗುತ್ತದೆ. ಘಾಟಿ ಒಂದು ದಿನ ಮುಚ್ಚಿದರೆ ಜಿಲ್ಲೆಯ ಆರ್ಥಿಕತೆಗೆ ಎಷ್ಟು ಪೆಟ್ಟು ಬೀಳುತ್ತದೆಂದು ಸರ್ಕಾರದ ಬಾಯಿಂದ ಹೇಳಿಸುವ ಕೆಲಸ ಜನಪ್ರತಿನಿಧಿಯದು. ರಾಜ್ಯದಲ್ಲಿ ಕೇಳಿದರೆ ಹೆದ್ದಾರಿ ಕೇಂದ್ರದ್ದೆನ್ನುತ್ತಾರೆ, ಕೇಂದ್ರದಲ್ಲಿ ಕೇಳಿದರೆ ಭೂಸ್ವಾಧೀನ ರಾಜ್ಯದ್ದೆನ್ನುತ್ತಾರೆ. ಶಾಸಕರೂ ಸಂಸದರೂ ಒಂದೇ ವಾರ ಎರಡೂ ಕಡೆ ಒಂದೇ ಪ್ರಶ್ನೆ ಕೇಳಿ, ಎರಡು ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ಜನರಿಗೆ ತೋರಿಸಿದರೆ ಈ ಜಾರಿಕೆ ಬಹಳ ಕಾಲ ನಡೆಯುವುದಿಲ್ಲ.

ರೈಲಿನ ಕಥೆಯೂ ಇದೇ. ದೇವೇಗೌಡರು ಪ್ರಧಾನಿಯಾಗಿದ್ದ ಕಾಲದಲ್ಲಿ ಮಂಜೂರಾದ ಹಾಸನ–ಬೆಂಗಳೂರು ಮಾರ್ಗ ಶ್ರವಣಬೆಳಗೊಳದ ಮೂಲಕ ಪೂರ್ತಿಯಾಗಿ ತೆರೆದದ್ದು 2017ರಲ್ಲಿ. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ, ಅಲ್ಲಿಂದ ಬೇಲೂರು, ಹಾಸನದ ಕಡೆಗೆ ಹಳಿ ಇನ್ನೂ ಬಂದು ಸೇರಿಲ್ಲ.

ಈ ಜಿಲ್ಲೆಗೆ ಪ್ರಶ್ನಿಸುವ ಪರಂಪರೆ ಇರಲಿಲ್ಲವೆಂದು ಹೇಳಿದರೆ ಅಪಚಾರವಾದೀತು. 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದು, 1972ರ ನಂತರ ವಿರೋಧ ಪಕ್ಷದ ನಾಯಕರಾಗಿದ್ದ ದೇವೇಗೌಡರು ಶಾಸಕಾಂಗದ ಗ್ರಂಥಾಲಯದಲ್ಲಿ ಹೊತ್ತು ಕಳೆದು, ಅಂಕಿಅಂಶ ಹಿಡಿದುಕೊಂಡೇ ಸದನಕ್ಕೆ ಬರುತ್ತಿದ್ದರೆಂದು ನಮ್ಮ ಕಡೆಯ ಹಿರಿಯರು ಇಂದಿಗೂ ಹೇಳುತ್ತಾರೆ. ಅವರ ರಾಜಕೀಯವನ್ನು ಒಪ್ಪದವರೂ ಆ ಮಾತನ್ನು ಅಲ್ಲಗಳೆಯುವುದಿಲ್ಲ. ಇಂದು ನಮ್ಮ ಶಾಸಕರಿಗೆ ಗ್ರಂಥಾಲಯಕ್ಕೆ ಹೋಗಲು ಬಿಡುವು ಸಿಗದಂತೆ ಮಾಡಿರುವವರು, ಮದುವೆಗೆ ಬರಲಿಲ್ಲವೆಂದು ಮುನಿಸಿಕೊಳ್ಳುವ ನಾವೇ.

ಭಾರತದ ಪೌರನಾಗಿಯೇ ನಾನು ಇಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕುತ್ತೇನೆ. ಕಾಮನ್‌ವೆಲ್ತ್ ದೇಶಗಳಿಂದ ಬಂದು ನೆಲೆಸಿದವರಿಗೆ ಆ ಹಕ್ಕಿದೆ. ನನ್ನೂರಿನ ಮತಗಟ್ಟೆಯಲ್ಲಿ ಮತ ಹಾಕಲು ನಾನು ಖುದ್ದಾಗಿ ಅಲ್ಲಿಗೆ ಬಂದು ನಿಲ್ಲಬೇಕು. ದೂರದಲ್ಲಿದ್ದು ಬುದ್ಧಿ ಹೇಳುತ್ತಾನೆಂದು ಊರಿನವರು ಅಂದುಕೊಂಡರೆ ಅವರ ತಪ್ಪಿಲ್ಲ. ಆದ್ದರಿಂದ ಇಲ್ಲಿನ ಕೊರತೆಯನ್ನೂ ಹೇಳಲೇಬೇಕಾಗಿದೆ. ಲಂಡನ್ನಿನ ಹೊರಗಿನ ಬಸ್ಸುಗಳನ್ನು 1986ರಲ್ಲಿ ಖಾಸಗಿ ಕಂಪನಿಗಳ ಮರ್ಜಿಗೆ ಬಿಟ್ಟ ಮೇಲೆ ಸದನದಲ್ಲಿ ಎಷ್ಟು ಪ್ರಶ್ನೆಗಳು ಕೇಳಿಬಂದರೂ, ಮ್ಯಾಂಚೆಸ್ಟರಿನ ಬಸ್ಸುಗಳು ಮತ್ತೆ ಸಾರ್ವಜನಿಕ ಹಿಡಿತಕ್ಕೆ ಬರತೊಡಗಿದ್ದು 2023ರ ಸೆಪ್ಟೆಂಬರಿನಲ್ಲಿ. ಮ್ಯಾಂಚೆಸ್ಟರಿಗೆ ಬರಬೇಕಿದ್ದ ಅತಿವೇಗದ ರೈಲು ಮಾರ್ಗವನ್ನು ಅದೇ ವರ್ಷ ಅಕ್ಟೋಬರ್ 4ರಂದು ಆಗಿನ ಪ್ರಧಾನಿ ರಿಷಿ ಸುನಕ್ ರದ್ದು ಮಾಡಿದರು. ಅದನ್ನು ಅವರು ಮೊದಲು ಸಾರಿದ್ದು ಸಂಸತ್ತಿನಲ್ಲೂ ಅಲ್ಲ, ಮ್ಯಾಂಚೆಸ್ಟರಿನಲ್ಲೇ ನಡೆದ ತಮ್ಮ ಪಕ್ಷದ ಸಮಾವೇಶದಲ್ಲಿ. ಆ ಸಭಾಂಗಣ 1969ರವರೆಗೆ ರೈಲು ನಿಲ್ದಾಣವಾಗಿತ್ತು. ಇಷ್ಟೆಲ್ಲ ಪ್ರಶ್ನೋತ್ತರವಿರುವ ನಾಡಿನಲ್ಲೂ ಸರ್ಕಾರ ಮಾಡಬೇಕೆಂದುಕೊಂಡದ್ದನ್ನು ಮಾಡಿಯೇ ತೀರುತ್ತದೆ. ನನ್ನ ಭಾನುವಾರದ ರೈಲು ಇನ್ನೂ ಸರಿಯಾಗಿಲ್ಲ.

ಊರಿನಲ್ಲಿ ನನ್ನ ಅಮ್ಮ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಕಾಸಿಲ್ಲದೆ ಹಾಸನದ ಆಸ್ಪತ್ರೆಗೆ ಹೋಗಿ ಬರುತ್ತಾರೆ. ಇಲ್ಲಿ ಪ್ರತಿನಿಧಿಯನ್ನು ಕಾಣಲು ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕು. ಅಲ್ಲಿ ಬೆಳಿಗ್ಗೆ ಆರಕ್ಕೇ ಶಾಸಕರ ಮನೆಯ ಅಂಗಳದಲ್ಲಿ ನಿಲ್ಲಬಹುದು, ಹೆಸರು ಹಿಡಿದು ಮಾತಾಡಿಸುತ್ತಾರೆ. ಆ ಒಡನಾಟಕ್ಕೆ ಬೆಲೆ ಕಟ್ಟಲಾಗದು, ನಾನು ಅದಕ್ಕಾಗಿ ಹಂಬಲಿಸುತ್ತೇನೆ ಕೂಡ.

ಹಾಗೆ ಅಂಗಳದಲ್ಲಿ ನಿಲ್ಲುವವರು ಮುಂದಿನ ಅಧಿವೇಶನಕ್ಕೆ ಮೊದಲು ಎರಡು ಪ್ರಶ್ನೆಗಳನ್ನು ಬರೆದು ಶಾಸಕರ ಕೈಗೆ ಕೊಡಲಿ. ಶಕ್ತಿ ಯೋಜನೆಯ ಬಾಬ್ತು ಸಾರಿಗೆ ನಿಗಮಕ್ಕೆ ಸರ್ಕಾರ ಕೊಟ್ಟದ್ದೆಷ್ಟು, ಬಾಕಿ ಎಷ್ಟು, 2025ರ ಜನವರಿ 5ರಿಂದ ಬಸ್ ದರವನ್ನು ಶೇಕಡಾ 15ರಷ್ಟು ಏರಿಸಿದ ಮೇಲೆ ಹಾಸನ ವಿಭಾಗಕ್ಕೆ ಬಂದ ಹೊಸ ಬಸ್ಸುಗಳೆಷ್ಟು ಎಂಬುದು ಒಂದು. ಶಿರಾಡಿ ಮುಚ್ಚಿದ ದಿನಗಳಲ್ಲಿ ಜಿಲ್ಲೆಗೆ ಆದ ನಷ್ಟವನ್ನು ಯಾವ ಇಲಾಖೆ ಲೆಕ್ಕ ಹಾಕಿದೆ ಎಂಬುದು ಇನ್ನೊಂದು. ಎರಡನ್ನೂ ಚುಕ್ಕೆ ಗುರುತಿನ ಪ್ರಶ್ನೆಗಳಾಗಿಯೇ ಕೊಡಬೇಕೆಂದು ಹೇಳಲಿ. ಲಿಖಿತ ಉತ್ತರಕ್ಕೆ ಬಿಟ್ಟರೆ ಉಪಪ್ರಶ್ನೆ ಕೇಳುವ ಅವಕಾಶ ಇರುವುದಿಲ್ಲ.