ಸತ್ಯಾಂಶ: ಕಪ್ಪುಕುಳಿಯ ಅಲೆಗಳು ಐನ್‌ಸ್ಟೈನರನ್ನು ಸುಳ್ಳಾಗಿಸಿವೆಯೇ?

"ಗುರುತ್ವ ಅಲೆಗಳು ಐನ್‌ಸ್ಟೈನ್ ಸಿದ್ಧಾಂತವನ್ನು ಸುಳ್ಳಾಗಿಸಿವೆ" ಎಂಬ ಸಂದೇಶ ಹರಿದಾಡುತ್ತಿದೆ. ಗುರುತ್ವ ಅಲೆಗಳೆಂದರೆ ಕಪ್ಪುಕುಳಿಗಳಂಥ ಭಾರೀ ಕಾಯಗಳು ಸುತ್ತಿ ಕೂಡುವಾಗ ದೇಶಕಾಲದಲ್ಲಿ ಏಳುವ ಅಲೆಗಳು; ಸಿದ್ಧಾಂತವೆಂದರೆ ಗುರುತ್ವವನ್ನು ವಿವರಿಸುವ ಸಾಮಾನ್ಯ ಸಾಪೇಕ್ಷತೆ. ಅದು ನಿಜವಲ್ಲ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಗುರುತ್ವ ಅಲೆ ಪತ್ತೆ ಕೇಂದ್ರ ಲೈಗೋ ಹಿಡಿದ ಮೊದಲ ಅಲೆಯನ್ನೇ ನೋಡಿ. ಸೂರ್ಯನ ಸುಮಾರು 36 ಮತ್ತು 29 ಪಟ್ಟು ರಾಶಿಯ ಎರಡು ಕಪ್ಪುಕುಳಿಗಳು ಕೂಡಿ 62 ಪಟ್ಟಿನ ಒಂದೇ ಕುಳಿಯಾಯಿತು. ಉಳಿದ 3 ಸೌರರಾಶಿ ಅಲೆಯಾಗಿ ಹೊರಟಿತು. ವಿಲೀನಕ್ಕೆ ಮೊದಲಿನ ಸುತ್ತಾಟದಿಂದ ವಿಜ್ಞಾನಿಗಳು ಐನ್‌ಸ್ಟೈನ್ ಸಿದ್ಧಾಂತದಂತೆ ಅಂತಿಮ ಕುಳಿಯ ರಾಶಿ, ತಿರುಗುವಿಕೆ ಲೆಕ್ಕಹಾಕಿದರು. ಅಲೆಯ ಕೊನೆಯ ಭಾಗದಿಂದ ಅದನ್ನೇ ಪ್ರತ್ಯೇಕವಾಗಿ ಅಳೆದರು. ಎರಡೂ ದೋಷಮಿತಿಯೊಳಗೆ ತಾಳೆಯಾದವು. ಸಿದ್ಧಾಂತ ಹೇಳುವ ತರಂಗರೂಪವನ್ನು (ಅಲೆಯ ಆಕಾರವನ್ನು) ದತ್ತಾಂಶದಿಂದ ಕಳೆದಾಗ ಉಳಿದದ್ದು ಬರೀ ಗದ್ದಲ, ಅಂದರೆ ಉಪಕರಣದ ಅಡ್ಡಾದಿಡ್ಡಿ ಏರಿಳಿತ.

ಎಡವುವುದೆಲ್ಲಿ? ಉಪಕರಣದ ಕ್ಷಣಿಕ ಗದ್ದಲ, ಇಲ್ಲವೇ ಕುಳಿಗಳು ಸುತ್ತುವ ಕಕ್ಷೆಯ ಓಲಾಟವನ್ನು ಕೈಬಿಟ್ಟ ಲೆಕ್ಕದ ಮಾದರಿ ಹುಸಿ ವ್ಯತ್ಯಾಸ ತೋರಿಸಬಲ್ಲದು. ಒಂದೇ ಘಟನೆಯ ವಿಚಿತ್ರ ಅಂಕಿ ಸಾಕ್ಷಿಯಾಗದು. ಹಾಗೆಂದು ಪರೀಕ್ಷೆ ಮುಗಿದಿಲ್ಲ: ದೋಷಮಿತಿಗಿಂತ ಚಿಕ್ಕ ವ್ಯತ್ಯಾಸಕ್ಕೆ ಇನ್ನೂ ಜಾಗವಿದೆ.