ಪೋಕರ್ ಬರೀ ಹವ್ಯಾಸ ಅಲ್ಲ

ಫ್ರಾನ್ಸಿನ ಗಾಯಕ, ನಟ ಪ್ಯಾಟ್ರಿಕ್ ಬ್ರುಯೆಲ್ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಅವರು ಆಡುವ ಪೋಕರ್ ಅನ್ನೋ ಇಸ್ಪೀಟ್ ಆಟವನ್ನು ಅದರಲ್ಲಿ 'ಸ್ಟಾರ್ ಒಬ್ಬನ ಹವ್ಯಾಸ' ಅಂತ ಒಂದೇ ಸಾಲಲ್ಲಿ ಮುಗಿಸಿದ್ದು ನನಗೆ ಸರಿ ಅನ್ನಿಸಲಿಲ್ಲ. 1998ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್ ಎಂಬ ದೊಡ್ಡ ಪಂದ್ಯಾವಳಿಯಲ್ಲಿ, 5,000 ಡಾಲರ್ ಪ್ರವೇಶ ಶುಲ್ಕದ ಲಿಮಿಟ್ ಹೋಲ್ಡೆಮ್ (ಪಣಕ್ಕೆ ಮಿತಿ ಇರುವ ಒಂದು ಬಗೆಯ ಪೋಕರ್) ಪಂದ್ಯವನ್ನು ಅವರು ಗೆದ್ದರು. ಬಹುಮಾನ 2,24,000 ಡಾಲರ್, ಜೊತೆಗೆ ಚಿನ್ನದ ಬ್ರೇಸ್‌ಲೆಟ್. ಅದನ್ನು ಸುಮ್ನೆ ಯಾರಿಗೂ ಕೊಡಲ್ಲ, ಎದುರಿಗೆ ಅದನ್ನೇ ವೃತ್ತಿ ಮಾಡಿಕೊಂಡವರು ಕೂತಿರುತ್ತಾರೆ ಅಲ್ವಾ? ಆಮೇಲೆ ಫ್ರಾನ್ಸಿನ ಕನಾಲ್ ಪ್ಲುಸ್ ಟಿವಿ ಚಾನೆಲ್‌ನಲ್ಲಿ ಪೋಕರ್ ಪಂದ್ಯಗಳಿಗೆ ಕಾಮೆಂಟರಿ ಕೊಟ್ಟು, ಅಲ್ಲಿನ ಎಷ್ಟೋ ಮನೆಗಳಿಗೆ ಈ ಆಟವನ್ನು ಪರಿಚಯ ಮಾಡಿಸಿದವರೂ ಅವರೇ.

ಇನ್ನೊಂದು ವಿಷಯ. ಅವರು ಮೊದಲು ಹೆಸರು ಮಾಡಿದ್ದು ಹಾಡಿನಿಂದಲ್ಲ. ಅಲ್ಜೀರಿಯಾದಲ್ಲಿ ಹುಟ್ಟಿ, 1962ರಲ್ಲಿ ಅಮ್ಮನ ಜೊತೆ ಫ್ರಾನ್ಸಿಗೆ ಬಂದ ಹುಡುಗನಿಗೆ 1979ರಲ್ಲಿ ಸಿಕ್ಕ ಮೊದಲ ಸಿನಿಮಾನೇ ಅಲ್ಜೀರಿಯಾ ಬಿಟ್ಟು ಬಂದ ಕುಟುಂಬದ ಕಥೆ. ಹಾಡುಗಳ ಹುಚ್ಚು ಜೋರಾಗಿದ್ದು 1989ರ ಆಲ್ಬಂ ಬಂದ ಮೇಲೆ. ಆಗ ಅಭಿಮಾನಿ ಹುಡುಗಿಯರ ಕಿರುಚಾಟ ಎಷ್ಟಿತ್ತೆಂದರೆ ಪತ್ರಿಕೆಗಳು ಅದಕ್ಕೆ 'ಬ್ರುಯೆಲ್‌ಮೇನಿಯಾ' ಅಂತಲೇ ಹೆಸರಿಟ್ಟವು.

ನನಗೆ ಜಾಸ್ತಿ ಇಷ್ಟ 2002ರ ಆಲ್ಬಂ. ಎರಡು ಮಹಾಯುದ್ಧಗಳ ನಡುವಿನ ಕಾಲದ ಹಳೇ ಹಾಡುಗಳನ್ನು ಅದರಲ್ಲಿ ಮತ್ತೆ ಹಾಡಿದ್ದಾರೆ, ಕೆಲವನ್ನು ಫ್ರೆಂಚ್ ಗಾಯಕ ಅಜ್ನವೂರ್ ಥರದ ದಿಗ್ಗಜರ ಜೊತೆ. ದಯವಿಟ್ಟು ಅದರ ಬಗ್ಗೆ ಒಂದು ಪ್ಯಾರಾ ಸೇರಿಸಿ.